ನ್ಯೂಜೆರ್ಸಿಯಲ್ಲಿ ಜಮೀನು ಅಗ್ಗಕ್ಕೆ ಸಿಕ್ಕಿತೇ? ಮೊದಲು ಡೀಡ್ ಓದಿ

ಎಡಿಸನ್, ಪ್ರಿನ್ಸ್‌ಟನ್ ಕಡೆಯ ನಮ್ಮವರಿಗೆ ಈಗ ಜಮೀನಿನ ಹುಚ್ಚು. ಹಂಟರ್ಡನ್‌ನಲ್ಲೋ ವಾರೆನ್‌ನಲ್ಲೋ ಹತ್ತಿಪ್ಪತ್ತು ಎಕರೆ ತಗೊಂಡು ಒಂದು ಮನೆ, ಒಂದಿಷ್ಟು ತರಕಾರಿ ಅನ್ನುವ ಆಸೆ. ಲೋನ್, ಇನ್‌ಸ್ಪೆಕ್ಷನ್ ವಿಷಯ ನಿಮಗೆ ಗೊತ್ತೇ ಇದೆ, ಅದನ್ನು ಬಿಡೋಣ. ಆದರೆ ಪಕ್ಕದ ಜಮೀನಿಗಿಂತ ಎಕರೆಗೆ ಬೆಲೆ ತೀರಾ ಕಡಿಮೆ ಇದ್ದು, ಲಿಸ್ಟಿಂಗ್‌ನಲ್ಲಿ ‘ಪ್ರಿಸರ್ವ್ಡ್ ಫಾರ್ಮ್’ ಅಂತ ಇದ್ದರೆ ಮುಂಗಡ ಕೊಡುವ ಕೈಯನ್ನು ಸ್ವಲ್ಪ ತಡೆಯಿರಿ.

ಆ ಜಮೀನಿನಲ್ಲಿ ಕಟ್ಟುವ ಹಕ್ಕನ್ನು ಹಿಂದಿನ ಮಾಲೀಕರು ಆಗಲೇ ಮಾರಿ ದುಡ್ಡು ಎಣಿಸಿಕೊಂಡಾಗಿದೆ. ಕೊಂಡದ್ದು ಬಿಲ್ಡರ್ ಅಲ್ಲ, ಸರ್ಕಾರ. ಲೇಔಟ್ ಮಾಡಬಹುದಾದ ಜಮೀನಿಗೆ ಎಷ್ಟು ಬೆಲೆ, ಬರೀ ಬೇಸಾಯಕ್ಕೆ ಎಷ್ಟು ಬೆಲೆ ಅಂತ ಅಳೆದು, ನಡುವಿನ ವ್ಯತ್ಯಾಸವನ್ನು ರೈತರಿಗೆ ಕೊಡುತ್ತಾರೆ. ಜಮೀನು ಅವರ ಹೆಸರಲ್ಲೇ ಉಳಿಯುತ್ತದೆ, ಮಾರಲೂಬಹುದು. ಆದರೆ ಆ ನಿರ್ಬಂಧ, ಅಂದರೆ ಈಸ್‌ಮೆಂಟ್, ಡೀಡ್‌ಗೆ ಅಂಟಿಕೊಂಡು ಮುಂದಿನ ಎಲ್ಲ ಮಾಲೀಕರ ಜೊತೆ ಬರುತ್ತದೆ. ಇಂತಿಷ್ಟು ವರ್ಷ ಅಂತಿಲ್ಲ, ಶಾಶ್ವತ.

ದುಡ್ಡು ಎಲ್ಲಿಂದ? ಒಂದು ಪಾಲು ನಿಮ್ಮ ಜೇಬಿನಿಂದಲೇ. ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನಲ್ಲಿ ‘ಓಪನ್ ಸ್ಪೇಸ್’ ಅನ್ನುವ ಸಾಲು ಇದ್ದರೆ ನೋಡಿ. ಜನ ನವೆಂಬರ್ ಚುನಾವಣೆಯಲ್ಲಿ ಒಪ್ಪಿ ಹಾಕಿಕೊಂಡ ತೆರಿಗೆ ಅದು, ಮನೆಯ ಮೌಲ್ಯದ ನೂರು ಡಾಲರಿಗೆ ಕೆಲವು ಸೆಂಟ್. ಅದಕ್ಕೆ ಟೌನ್‌ಶಿಪ್ಪು, ರಾಜ್ಯ, ಕೆಲವೊಮ್ಮೆ ಕೇಂದ್ರ ಸರ್ಕಾರವೂ ಕೈಜೋಡಿಸುತ್ತವೆ. ಈ ಪದ್ಧತಿ ಮೊದಲು ಶುರುವಾದದ್ದು 1970ರ ದಶಕದಲ್ಲಿ ನ್ಯೂಯಾರ್ಕಿನ ಸಫೋಕ್ ಕೌಂಟಿಯಲ್ಲಿ. ನ್ಯೂಜೆರ್ಸಿಯಲ್ಲಿ 1983ರಲ್ಲಿ ಕಾನೂನು ಬಂತು. ಇವತ್ತು ಇಲ್ಲಿ ಎರಡೂವರೆ ಲಕ್ಷ ಎಕರೆಗೂ ಹೆಚ್ಚು ಜಮೀನು ಹೀಗೆ ಉಳಿದಿದೆ.

ಈಗ ನಮ್ಮವರು ಬೀಳುವ ಗುಂಡಿಗೆ ಬರೋಣ. ಪರಿಚಯದ ನಾಲ್ಕು ಕುಟುಂಬಗಳು ಸೇರಿ ಇಂಥದೇ ಪ್ರಿಸರ್ವ್ಡ್ ಜಮೀನು ನಲವತ್ತು ಎಕರೆಯಷ್ಟು ಕೊಂಡರು. ತಲೆಗೆ ಹತ್ತು ಎಕರೆ, ನಾಲ್ಕು ಮನೆ, ನಡುವೆ ಹಬ್ಬಕ್ಕೊಂದು ಹಾಲ್ ಅನ್ನುವ ಲೆಕ್ಕ. “ಫಾರ್ಮ್‌ಹೌಸ್ ಕಟ್ಟೋದಕ್ಕೆ ಯಾರು ಬೇಡ ಅಂತಾರೆ ಬಿಡಿ ಸಾರ್” ಅಂದರು ಒಬ್ಬರು. ಕ್ಲೋಸಿಂಗ್ ಆಯಿತು. ಇಂಜಿನಿಯರ್ ಬಂದರು, ಸೆಪ್ಟಿಕ್‌ಗೆ ಗುಂಡಿ ತೋಡಿ ಮಣ್ಣು ಪರೀಕ್ಷೆಯೂ ಆಯಿತು. ಆಮೇಲೆ ಕೌಂಟಿಯ ಅಗ್ರಿಕಲ್ಚರ್ ಡೆವಲಪ್‌ಮೆಂಟ್ ಬೋರ್ಡಿಗೆ ಹೋದರೆ, ಅಲ್ಲಿನವರು ಸರ್ವೆ ನಕ್ಷೆ ಬಿಡಿಸಿ ಒಂದು ಚಿಕ್ಕ ಚೌಕದ ಮೇಲೆ ಬೆರಳಿಟ್ಟರು. ಹೊಸ ಮನೆ ಕಟ್ಟಲು ಬಿಟ್ಟಿದ್ದ ಜಾಗ ಅದೊಂದೇ. ಅದರ ಮೇಲೆ ಹಳೆಯ ಮನೆ ಆಗಲೇ ನಿಂತಿತ್ತು.

ಆ ಚೌಕದ ಹೆಸರು ‘ಎಕ್ಸೆಪ್ಷನ್ ಏರಿಯಾ’. ಹಕ್ಕು ಮಾರುವಾಗಲೇ ಮಾಲೀಕರು ಕೇಳಿ ಬಿಡಿಸಿಕೊಂಡಿರಬೇಕು. ಆಮೇಲೆ ಸೇರಿಸಲು ಆಗುವುದಿಲ್ಲ, ಜಾಗ ಬದಲಿಸಲೂ ಆಗುವುದಿಲ್ಲ. ಅದರಲ್ಲೂ ‘ನಾನ್-ಸೆವರಬಲ್’ ಅಂತ ಬರೆದಿದ್ದರೆ ಆ ತುಂಡನ್ನು ಬೇರೆ ಮಾಡಿ ಮಾರುವಂತಿಲ್ಲ. ಭಾಗ ಮಾಡಿಕೊಳ್ಳುತ್ತೇವೆ ಅಂದರೆ ಕೌಂಟಿಯೂ ರಾಜ್ಯವೂ ಒಪ್ಪಬೇಕು. ಅದು ಬೇಸಾಯದ ಸಲುವಾಗಿಯೇ ಅಂತ, ಪ್ರತಿ ತುಂಡಿನಲ್ಲೂ ಸ್ವತಂತ್ರವಾಗಿ ಬೇಸಾಯ ನಡೆಯುತ್ತದೆ ಅಂತ ತೋರಿಸಬೇಕು. ಅಣ್ಣತಮ್ಮಂದಿರ ಪಾಲುಪಟ್ಟಿ ಅಲ್ಲಿ ನಡೆಯುವುದಿಲ್ಲ. ಹಾಲ್ ಮಾತನ್ನಂತೂ ಮರೆತುಬಿಡಿ. ಕೊನೆಗೆ ಆ ನಾಲ್ವರೂ ವಕೀಲರ ಫೀಸು ಕಟ್ಟಿ, ಜಮೀನನ್ನು ಹುಲ್ಲು ಬೆಳೆಯುವ ಒಬ್ಬರಿಗೆ ಗುತ್ತಿಗೆಗೆ ಕೊಟ್ಟಿದ್ದಾರೆ. ಹಳೆಯ ಮನೆಗೆ ವಾರಾಂತ್ಯದಲ್ಲಿ ಯಾರು ಹೋಗಬೇಕು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಬೇಸಾಯಕ್ಕೇ ಅಂದರೂ ಮನಸ್ಸಿಗೆ ಬಂದಂತೆ ಮಣ್ಣು ಅಗೆಯುವಂತಿಲ್ಲ. ಹಂಟರ್ಡನ್ ಕೌಂಟಿಯಲ್ಲಿ ಹೂಪ್‌ಹೌಸ್ (ಕಮಾನಿಗೆ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆ) ಕಟ್ಟಲು ಸುಮಾರು 20 ಎಕರೆ ಫಲವತ್ತಾದ ಮಣ್ಣನ್ನು ಕಡಿದು ಮಟ್ಟ ಮಾಡಿದ ಫಾರ್ಮ್ ಒಂದರ ವಿರುದ್ಧ ರಾಜ್ಯದ ಸುಪ್ರೀಂ ಕೋರ್ಟೇ 2018ರಲ್ಲಿ ತೀರ್ಪು ಕೊಟ್ಟಿತು. ವರ್ಷಕ್ಕೊಮ್ಮೆ ಜಮೀನು ನೋಡಲು ಬರುತ್ತಾರೆ, ಬಂದೇ ಬರುತ್ತಾರೆ.

ಇಷ್ಟಾದರೂ ನನ್ನ ಓಟು ಈ ಪದ್ಧತಿಗೇ. ನಮ್ಮ ಕಡೆ ಡಿಸಿ ಕನ್ವರ್ಷನ್ ಮಾಡಿಸಿದರೆ ರಾಗಿ ಹೊಲ ಸೈಟಾಗುತ್ತದೆ. ದೇವನಹಳ್ಳಿ ಸುತ್ತ ಒಮ್ಮೆ ಓಡಾಡಿ ಬನ್ನಿ. ಇಲ್ಲಿ ರೈತರಿಗೆ ಬರೀ ‘ಮಾರಬೇಡ’ ಅನ್ನುವುದಿಲ್ಲ, ನಷ್ಟ ಕಟ್ಟಿಕೊಡುತ್ತಾರೆ. ಒಂದೇ ತಕರಾರು: ಎಲ್ಲರ ತೆರಿಗೆಯಿಂದ ಉಳಿದ ಕೆಲವು ಜಮೀನು ಶ್ರೀಮಂತರ ಕುದುರೆ ಎಸ್ಟೇಟ್ ಆಗಿ ಕೂತಿದೆ. ಅಲ್ಲಿ ಯಾರ ಹೊಟ್ಟೆಗೆ ಏನು ಬೆಳೆಯುತ್ತಿದ್ದಾರೋ!

ಕೊಳ್ಳುವ ಮನಸ್ಸಿದ್ದರೆ, ರಿಯಲ್ಟರ್ ಬರೆದ ಕರಾರಿಗೆ ಸಹಿ ಆದಮೇಲೆ ಸಿಗುವ ಮೂರು ಕೆಲಸದ ದಿನಗಳ ಅಟಾರ್ನಿ ರಿವ್ಯೂ, ಅಂದರೆ ವಕೀಲರಿಂದ ಕರಾರು ಓದಿಸುವ ಅವಕಾಶ, ವ್ಯರ್ಥ ಮಾಡಬೇಡಿ. ಈಸ್‌ಮೆಂಟ್ ಡೀಡ್ ಕೌಂಟಿ ಕ್ಲರ್ಕ್ ದಾಖಲೆಯಲ್ಲಿ ಇರುತ್ತದೆ, ತರಿಸಿಕೊಳ್ಳಿ. ರಿಯಲ್ಟರ್ ಮಾತು ಕೇಳಿ ಬಿಟ್ಟುಬಿಡಬೇಡಿ, ಬೋರ್ಡಿಗೆ ನೀವೇ ಫೋನ್ ಮಾಡಿ.

ಇನ್ನೊಂದು. ಪ್ರಿಸರ್ವ್ಡ್ ಅಂದಮಾತ್ರಕ್ಕೆ ತೆರಿಗೆ ತಾನಾಗಿ ಇಳಿಯುವುದಿಲ್ಲ. ಆ ರಿಯಾಯಿತಿ ಬೇರೆ: ಮನೆಯ ಜಾಗ ಬಿಟ್ಟು ಕನಿಷ್ಠ 5 ಎಕರೆ ಬೇಸಾಯ, ಮೊದಲ 5 ಎಕರೆಗೆ ವರ್ಷಕ್ಕೆ 1,000 ಡಾಲರ್ ಮಾರಾಟ, ಅದಕ್ಕೆ ರಸೀದಿ. ಎಫ್‌ಎ-1 ಅರ್ಜಿ ಪ್ರತಿ ವರ್ಷ ಆಗಸ್ಟ್ 1ರೊಳಗೆ ತೆರಿಗೆಗೆ ಆಸ್ತಿಯ ಮೌಲ್ಯ ಕಟ್ಟುವ ಟೌನ್‌ಶಿಪ್ ಅಸೆಸರ್‌ಗೆ ತಲುಪಬೇಕು. ಮಕ್ಕಳ ರಜೆಗೆ ಊರಿಗೆ ಹೋಗುವವರು ವಿಮಾನ ಹತ್ತುವ ಮೊದಲೇ ಕೊಟ್ಟು, ತಲುಪಿದ ಸಹಿ ತಗೊಂಡು ಹೋಗಿ.