ಗಾಂಜಾದ ಟಿಎಚ್‌ಸಿ, ಮೈಯೊಳಗಿನ ಆನಂದಮೈಡ್: ಹೋಲಿಸುವುದು ಹೇಗೆ?

"ಗಾಂಜಾದಲ್ಲಿರುವುದೇ ನಮ್ಮ ಮೈಯಲ್ಲೂ ಇದೆ, ಮತ್ತೇನು ಭಯ?" ಎನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅದು ಅರ್ಧ ನಿಜ ಅಷ್ಟೇ. ಒಂದು ಹಾಳೆ ತೆಗೆದುಕೊಂಡು ಎರಡು ಕಾಲಂ ಎಳೆಯಿರಿ, ಒಂದು ಗಿಡಕ್ಕೆ, ಇನ್ನೊಂದು ಮೈಗೆ.

ಗಿಡದ ಕಡೆ ಮೊದಲು ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ಮತ್ತೇರಿಸುವ ರಾಸಾಯನಿಕ, ಬರೆಯಿರಿ. ಇಸ್ರೇಲ್‌ನ ವಿಜ್ಞಾನಿಗಳಾದ ಮೆಷುಲಮ್ ಮತ್ತು ಗಾವೋನಿ ಅದನ್ನು ಬೇರ್ಪಡಿಸಿದ್ದು 1964ರಲ್ಲಿ. ಅದು ಮಿದುಳಿನಲ್ಲಿ ಹೋಗಿ ಕೂರುವ ಜಾಗ, ಅಂದರೆ ಸಿಬಿ1 ರಿಸೆಪ್ಟರ್, ಇದೆ ಎಂದು ಗೊತ್ತಾಗಿದ್ದು 1988ರಲ್ಲಿ. ಯಾವುದೋ ಗಿಡಕ್ಕೋಸ್ಕರ ಮಿದುಳು ಸುಮ್ನೆ ಜಾಗ ಕಾಯ್ದಿರಿಸುತ್ತದಾ? ಇಲ್ಲ ಅಲ್ವಾ. ಹುಡುಕಿದಾಗ 1992ರಲ್ಲಿ ಅದೇ ಜಾಗದಲ್ಲಿ ಕೂರುವ, ಮೈಯೇ ಮಾಡಿಕೊಳ್ಳುವ ಆನಂದಮೈಡ್ ಸಿಕ್ಕಿತು. ಹೌದು, ಹೆಸರಿನಲ್ಲಿರುವುದು ನಮಗೆ ಗೊತ್ತಿರುವ 'ಆನಂದ'ವೇ! ಮೂರು ವರ್ಷದ ನಂತರ ಅಂಥದ್ದೇ ಇನ್ನೊಂದು, 2-ಎಜಿ, ಸಿಕ್ಕಿತು. ಇವೆರಡನ್ನೂ ಮೈಯ ಕಾಲಂಗೆ ಹಾಕಿ.

ರಚನೆಯ ಚಿತ್ರ ನೋಡಿ ಹೋಲಿಸಲು ಹೋಗಬೇಡಿ. ಆನಂದಮೈಡ್‌ಗೆ ಕೊಬ್ಬಿನ ಉದ್ದ ಬಾಲವಿದೆ, ಟಿಎಚ್‌ಸಿಯಲ್ಲಿ ಮೂರು ಉಂಗುರಗಳಿವೆ. ನೋಡಲು ಸಂಬಂಧವೇ ಇಲ್ಲ, ಆದರೂ ಇಬ್ಬರಿಗೂ ಅದೇ ಕುರ್ಚಿ.

ನಿಜವಾದ ವ್ಯತ್ಯಾಸ ಎಲ್ಲಿ, ಎಷ್ಟು ಹೊತ್ತು ಎಂಬುದರಲ್ಲಿದೆ. ಒಂದು ನರಕೋಶಕ್ಕೆ ಸಂದೇಶ ಜಾಸ್ತಿ ಬರುತ್ತಿದ್ದರೆ ಅದು ಅಲ್ಲೇ, ತನ್ನ ಪೊರೆಯ ಕೊಬ್ಬಿನಿಂದಲೇ, 2-ಎಜಿ ಮಾಡಿ ಕಳಿಸುತ್ತಿರುವ ಕೋಶಕ್ಕೆ ವಾಪಸ್ ತಳ್ಳುತ್ತದೆ: ಸಾಕು ನಿಲ್ಲಿಸು ಎಂದು. ಕೆಲಸ ಆಯಿತೋ, ಕಿಣ್ವ ಬಂದು ಅದನ್ನು ಒಡೆದು ಹಾಕುತ್ತದೆ. ಆನಂದಮೈಡ್‌ನ ಆಯುಷ್ಯವೂ ಅಷ್ಟೇ, ಅದನ್ನು ಒಡೆಯುವ ಕಿಣ್ವದ ಹೆಸರು ಎಫ್‌ಎಎಎಚ್. ಟಿಎಚ್‌ಸಿ ಹಾಗಲ್ಲ. ರಕ್ತದಲ್ಲಿ ಬಂದು ನೆನಪು, ಹಸಿವು, ಚಲನೆ ನೋಡಿಕೊಳ್ಳುವ ಜಾಗಗಳಲ್ಲೆಲ್ಲ ಒಟ್ಟಿಗೇ ಕೂರುತ್ತದೆ, ಈ ಕಿಣ್ವಗಳಿಗೆ ಬಗ್ಗುವುದಿಲ್ಲ, ಲಿವರ್ ಅದನ್ನು ಕರಗಿಸಬೇಕು, ಕೊಬ್ಬಿನಲ್ಲಿ ಸೇರಿಕೊಂಡ ಭಾಗ ಹೊರಗೆ ಹೋಗಲು ದಿನಗಟ್ಟಲೆ ಹಿಡಿಯುತ್ತದೆ. ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟುವುದಕ್ಕೂ ಊರಿಗೆಲ್ಲ ಮೈಕ್ ಹಾಕಿ ಕೂಗುವುದಕ್ಕೂ ಇರುವಷ್ಟು ವ್ಯತ್ಯಾಸ.

ಇನ್ನು ತಾಕತ್ತು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಟಿಎಚ್‌ಸಿ ಸಿಬಿ1 ಅನ್ನು ಅರೆಬರೆ ಮಾತ್ರ ಚಾಲೂ ಮಾಡುತ್ತದೆ. ಪೂರ್ತಿ ಚಾಲೂ ಮಾಡುವುದು ನಮ್ಮದೇ 2-ಎಜಿ. ಲ್ಯಾಬ್‌ನಲ್ಲಿ ಮಾಡಿದ ಎಷ್ಟೋ ಕೃತಕ ಕ್ಯಾನಬಿನಾಯ್ಡ್‌ಗಳೂ (ಟಿಎಚ್‌ಸಿಯಂತೆ ಇದೇ ಜಾಗದಲ್ಲಿ ಕೂರುವ ವಸ್ತುಗಳು) ಪೂರ್ತಿ ಚಾಲೂ ಮಾಡುತ್ತವೆ, ಆದರೆ ಬೇಗ ಒಡೆದು ತೆಗೆಯುವ ವ್ಯವಸ್ಥೆ ಅವಕ್ಕಿಲ್ಲ. ಅವು ಗಾಂಜಾಕ್ಕಿಂತ ಅಪಾಯ ಎನ್ನುವುದಕ್ಕೆ ಇದೊಂದು ದೊಡ್ಡ ಕಾರಣ.

ಗಾಂಜಾದಲ್ಲೇ ಇರುವ ಇನ್ನೊಂದು ರಾಸಾಯನಿಕ ಸಿಬಿಡಿಯನ್ನು ಮಾತ್ರ ಟಿಎಚ್‌ಸಿಯ ಸಾಲಿಗೆ ತುರುಕಬೇಡಿ. ಗಿಡ ಅದೇ, ಆದರೆ ಅದು ಆ ಕುರ್ಚಿಯಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಹಾಳೆಯ ಅಂಚಿನಲ್ಲಿ ಮೂರನೇ ಕಾಲಂ ಎಳೆದುಬಿಡಿ.