ಉಪನ್ಯಾಸ ಮುಗಿದ ಮೇಲಿನ ಅರ್ಧ ಗಂಟೆ

ನಮ್ಮ ಕಾಲೇಜಿನ ಸಾರ್ವಜನಿಕ ಉಪನ್ಯಾಸ ಮಾಲೆಯ ಜವಾಬ್ದಾರಿ ನನ್ನ ಪಾಲಿಗೆ ಬಂದು ಆರು ವರ್ಷವಾಯಿತು. ಮೊದಲ ಚರ್ಚಾಗೋಷ್ಠಿ ನೆನಪಾದರೆ ಇವತ್ತಿಗೂ ಬೇಜಾರಾಗುತ್ತದೆ. ವಿಷಯ ಕುಡಿಯುವ ನೀರು. ನಾಲ್ವರು ಮಾತುಗಾರರು, ತಲಾ ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ ಪ್ರಶ್ನೆಗಳಿಗೆ ಅಂತ ಹಾಕಿಕೊಂಡಿದ್ದೆ. ಸ್ವಾಗತ, ಪರಿಚಯ ಮುಗಿಯುವಷ್ಟರಲ್ಲೇ ಇಪ್ಪತ್ತೈದು ನಿಮಿಷ ಹೋಯಿತು. ಮೊದಲನೆಯವರು ಇಪ್ಪತ್ತು ನಿಮಿಷ ತೆಗೆದುಕೊಂಡರು. ಅವರನ್ನು ನೋಡಿ ಎರಡನೆಯವರು ಇನ್ನೂ ಜಾಸ್ತಿ. ತಡೆಯುವ ಧೈರ್ಯ ನನಗಿರಲಿಲ್ಲ. ಕೊನೆಗೆ ‘ಸಮಯದ ಅಭಾವ’ ಅಂದು ವಂದನಾರ್ಪಣೆಗೆ ಕರೆದುಬಿಟ್ಟೆ.

ಮೂರನೇ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಿದ್ದಳು. ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆ, ನಾಲ್ಕು ಮಡಿಕೆ. ಜನ ಅವಳನ್ನು ದಾಟಿಕೊಂಡು ಹೊರಗೆ ಹೋಗುತ್ತಿದ್ದರು. ಸ್ವಲ್ಪ ಹೊತ್ತು ನೋಡಿ, ಆ ಹಾಳೆಯನ್ನು ಪುಸ್ತಕದೊಳಗೆ ಇಟ್ಟುಕೊಂಡು ಅವಳೂ ಹೊರಟಳು. ಅವಳ ಪ್ರಶ್ನೆ ಏನಿತ್ತು ಅಂತ ನನಗೆ ಇನ್ನೂ ಗೊತ್ತಿಲ್ಲ.

ಅವತ್ತಿನಿಂದ ನಾನು ಕಾರ್ಯಕ್ರಮವನ್ನು ಹಿಂದಿನಿಂದ ಮುಂದಕ್ಕೆ ಹೊಂದಿಸುತ್ತೇನೆ. ಮೊದಲು ಪ್ರಶ್ನೆಗಳ ಅರ್ಧ ಗಂಟೆ ತೆಗೆದಿಡುವುದು. ಉಳಿದದ್ದರಲ್ಲಿ ಭಾಷಣ. ಗೋಷ್ಠಿಗೆ ಮೂರೇ ಜನ, ತಲಾ ಎಂಟು ನಿಮಿಷ. ಪರಿಚಯ ಎರಡು ವಾಕ್ಯ, ಉಳಿದ ವಿವರವೆಲ್ಲ ಕರಪತ್ರದಲ್ಲಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅನ್ನುವ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ 1820ರ ದಶಕದಲ್ಲಿ ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ಶುರು ಮಾಡಿದರು. ಅಲ್ಲಿನ ಸಂಪ್ರದಾಯದಲ್ಲಿ ಪರಿಚಯ ಭಾಷಣವೇ ಇಲ್ಲ. ಗಂಟೆ ಹೊಡೆಯುತ್ತಿದ್ದಂತೆ ಉಪನ್ಯಾಸಕರು ಒಳಗೆ ಬಂದು ನೇರವಾಗಿ ವಿಷಯಕ್ಕಿಳಿಯುತ್ತಾರೆ, ಸರಿಯಾಗಿ ಒಂದು ಗಂಟೆ ಮಾತಾಡಿ ನಿಲ್ಲಿಸುತ್ತಾರೆ. ಅದನ್ನು ಓದಿದ ಮೇಲೆ ನನಗೆ ದೊಡ್ಡ ಧೈರ್ಯ ಬಂತು. ಅಷ್ಟು ದೊಡ್ಡ ವೇದಿಕೆಗೇ ಪರಿಚಯ ಬೇಡವಾದರೆ ನಮಗೆ ಎರಡು ವಾಕ್ಯ ಸಾಲದಾ?

ಶೀರ್ಷಿಕೆ ವಿಷಯದಲ್ಲಂತೂ ನಾನು ಹಟಮಾರಿ. ‘ಕೃತಕ ಬುದ್ಧಿಮತ್ತೆ: ಸವಾಲುಗಳು ಮತ್ತು ಸಾಧ್ಯತೆಗಳು’ ಅಂತ ಒಬ್ಬರು ಕಳಿಸಿದ್ದರು. ಮಾತಾಡುತ್ತಾ ಹೋದಂತೆ ಅವರ ಮನಸ್ಸಿನಲ್ಲಿದ್ದದ್ದೇ ಬೇರೆ ಅಂತ ಗೊತ್ತಾಯಿತು. ಪೋಸ್ಟರ್ ಮೇಲೆ ಹೀಗೆ ಬರೆದೆವು: ‘ನನ್ನ ಸಾಲದ ಅರ್ಜಿಯನ್ನು ಯಂತ್ರ ಬೇಡ ಅಂದರೆ ಯಾರನ್ನು ಕೇಳಲಿ?’ ಅವತ್ತು ವಿದ್ಯಾರ್ಥಿಗಳಿಗಿಂತ ಹೊರಗಿನವರೇ ಜಾಸ್ತಿ ಬಂದಿದ್ದರು. ಸಾರ್ವಜನಿಕ ಅಂದರೆ ಅದೇ ಅಲ್ವಾ?

ಪ್ರಶ್ನೆಯ ಹೊತ್ತು ಬಂದಾಗ ಮಾತ್ರ ತುಂಬಾ ಎಚ್ಚರ ಬೇಕು. ಮೊದಲ ಕೈ ಯಾರದು ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. 10 ದೇಶಗಳ ಸುಮಾರು 250 ಸೆಮಿನಾರುಗಳನ್ನು ಗಮನಿಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸೆಮಿನಾರುಗಳಲ್ಲಿ ಹೆಂಗಸರು ಕೇಳುವ ಪ್ರಶ್ನೆಗಳು ಕಡಿಮೆ, ಮೊದಲ ಪ್ರಶ್ನೆ ಗಂಡಸಿನದಾದರೆ ಇನ್ನೂ ಕಡಿಮೆ ಅಂತ ಅದರಲ್ಲಿದೆ. ಓದಿದ ತಕ್ಷಣ ಮೂರನೇ ಸಾಲಿನ ಆ ಹುಡುಗಿ ಕಣ್ಣ ಮುಂದೆ ಬಂದಳು.

ಈಗ ಭಾಷಣ ಮುಗಿದ ಕೂಡಲೇ ‘ಪ್ರಶ್ನೆ ಇದೆಯಾ?’ ಅಂತ ಕೇಳುವುದಿಲ್ಲ. ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಿ ಅನ್ನುತ್ತೇನೆ. ಮೊದಲು ಗುಸುಗುಸು, ಆಮೇಲೆ ಸಭಾಂಗಣ ತುಂಬಾ ಸದ್ದು. ಒಬ್ಬರ ಬಾಯಲ್ಲಿ ಅರ್ಧ ಇದ್ದ ಪ್ರಶ್ನೆ ಇಬ್ಬರ ನಡುವೆ ಪೂರ್ತಿಯಾಗುತ್ತದೆ. ಬಾಗಿಲಲ್ಲೇ ಎಲ್ಲರಿಗೂ ಖಾಲಿ ಚೀಟಿ, ಪೆನ್ಸಿಲ್ ಕೊಟ್ಟಿರುತ್ತೇವೆ. ಎದ್ದು ನಿಂತು ಕೇಳಲು ಹಿಂಜರಿಯುವವರು ಬರೆದು ಕಳಿಸುತ್ತಾರೆ. ಮೊದಲ ಅವಕಾಶ ವಿದ್ಯಾರ್ಥಿಗಳಿಗೆ, ಸಾಧ್ಯವಾದಷ್ಟೂ ಹುಡುಗಿಯರಿಗೆ. ಮೈಕನ್ನು ಸ್ವಯಂಸೇವಕರೇ ಹಿಡಿದುಕೊಂಡಿರುತ್ತಾರೆ, ಕೇಳುವವರ ಕೈಗೆ ಕೊಡುವುದಿಲ್ಲ. ಇದರಿಂದ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಗೋಷ್ಠಿಗೆ ಇನ್ನೊಂದು ಕೆಲಸ ಜಾಸ್ತಿ. ವಾರದ ಮುಂಚೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ, ‘ಉಳಿದಿಬ್ಬರ ಯಾವ ಮಾತನ್ನು ನೀವು ಒಪ್ಪುವುದಿಲ್ಲ?’ ಅಂತ ಕೇಳುತ್ತೇನೆ. ಉತ್ತರವೇ ಇಲ್ಲ ಅಂದರೆ ಅದು ಗೋಷ್ಠಿಯಲ್ಲ, ಮೂರು ಭಾಷಣ ಅಷ್ಟೆ. ಏಳನೇ ನಿಮಿಷಕ್ಕೆ ನಾನು ಎದ್ದು ಪಕ್ಕದಲ್ಲಿ ಬಂದು ನಿಲ್ಲುತ್ತೇನೆ ಅಂತಲೂ ಆಗಲೇ ಹೇಳಿಬಿಡುತ್ತೇನೆ. ಮುಂಚೆಯೇ ಹೇಳಿದ್ದರಿಂದ ಇಲ್ಲಿಯವರೆಗೆ ಯಾರೂ ಬೇಸರ ಮಾಡಿಕೊಂಡಿಲ್ಲ.

ಬರುವ ತಿಂಗಳು ಎರಡು ಉಪನ್ಯಾಸ, ಒಂದು ಗೋಷ್ಠಿ ಇದೆ. ಗೋಷ್ಠಿಯ ಹೆಸರು ‘ಜ್ವರ ಬಂದಾಗಲೆಲ್ಲ ಆಂಟಿಬಯಾಟಿಕ್ ಬೇಕಾ?’ ವೈರಸ್‌ನಿಂದ ಬರುವ ನೆಗಡಿ, ಜ್ವರಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ, ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡರೆ ರೋಗಾಣುಗಳು ಔಷಧಿಗೆ ಬಗ್ಗದ ಹಾಗಾಗುತ್ತವೆ ಅಂತ ಎಚ್ಚರಿಸಿದ್ದರು. ಸೂಕ್ಷ್ಮಜೀವಶಾಸ್ತ್ರದ ಮೇಡಂ ಅಲ್ಲಿಂದ ಶುರು ಮಾಡುತ್ತಾರೆ. ಜೊತೆಗೆ ಒಬ್ಬ ವೈದ್ಯರು, ಔಷಧಿ ಅಂಗಡಿಯವರೊಬ್ಬರು.

ಅಂಗಡಿಯವರಿಗೆ ನಿನ್ನೆ ಫೋನ್ ಮಾಡಿದ್ದೆ. ಇಂಥ ವೇದಿಕೆ ಅವರಿಗೆ ಹೊಸದು. ‘ಓದಿದವರ ಮಧ್ಯೆ ನಾನೇನು ಹೇಳಲಿ ಸಾರ್’ ಅಂದರು. ನಿಮ್ಮ ಕೌಂಟರಿನಲ್ಲಿ ದಿನಾ ಏನು ನೋಡುತ್ತೀರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ‘ಐದು ದಿನಕ್ಕೆ ಬರೆದಿರ್ತಾರೆ. ಎರಡು ದಿನದ್ದು ಸಾಕು, ಕತ್ತರಿಸಿ ಕೊಡಿ ಅಂತಾರೆ. ನಾನು ಕತ್ತರಿ ಕೈಯಲ್ಲಿ ಹಿಡ್ಕೊಂಡು ಯೋಚನೆ ಮಾಡ್ತಾ ನಿಲ್ತೀನಿ’ ಅಂದರು.

ಅಲ್ಲಿಂದಲೇ ಶುರು ಮಾಡಿ ಅಂದೆ.