ಗ್ಯಾರೇಜಿನ ಮೂಲೆಯಲ್ಲಿ ಟೊರ್ನೇಡೊ ಕೋಣೆ: ನನಗೆ ಎಷ್ಟು ಬಿತ್ತು, ಯಾಕೆ ಬಿತ್ತು

ಟೊರ್ನೇಡೊ, ಅಂದರೆ ಸುಂಟರಗಾಳಿ, ಬಂದಾಗ ಒಳಸೇರಿ ಕೂರಲು ನಾನೇ ನಿಂತು ಕಟ್ಟಿಸಿದ ಕೋಣೆಗೆ ಒಟ್ಟು ಏಳು ಸಾವಿರದ ಇನ್ನೂರು, ಮುನ್ನೂರು ಡಾಲರ್. ಫೋನ್ ಮಾಡುವವರೆಲ್ಲ ಮೊದಲು ಕೇಳುವುದು ಇದನ್ನೇ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ಒಳಗಡೆ ಆರಡಿಗೆ ಎಂಟಡಿ. ಎಂಟಿಂಚಿನ ಕಾಂಕ್ರೀಟ್ ಬ್ಲಾಕ್ ಗೋಡೆ, ನಕ್ಷೆಯ ಪ್ರಕಾರ ಕಂಬಿ, ಬ್ಲಾಕಿನ ಒಂದು ತೂತೂ ಬಿಡದೆ ಗ್ರೌಟು (ತೂತು ತುಂಬುವ ತೆಳ್ಳನೆ ಕಾಂಕ್ರೀಟು), ತಲೆಯ ಮೇಲೆ ಆರಿಂಚಿನ ಮೋಲ್ಡು. ಒಕ್ಲಹೋಮಾದ ನಾರ್ಮನ್‌ನಲ್ಲಿ ಇರುವ ನಮ್ಮ ಮನೆಯ ಗ್ಯಾರೇಜಿನಲ್ಲಿ, ನೀರಿನ ಹೀಟರ್ ಪಕ್ಕದ ಮೂಲೆಯಲ್ಲಿದೆ.

ಇಲ್ಲಿ ರೂಢಿಯಲ್ಲಿರುವುದು ಗ್ಯಾರೇಜಿನ ನೆಲ ಕೊಯ್ದು ಹೂಳುವ ಉಕ್ಕಿನ ಪೆಟ್ಟಿಗೆ. ಕಾರಿನಡಿ ಮುಚ್ಚಳ ಸರಿಸಿ ಇಳಿಯಬೇಕು. ನಾನು ವಿಚಾರಿಸಿದಾಗ ಮೂರೂವರೆ ಸಾವಿರದಿಂದ ನಾಲ್ಕೂವರೆ ಸಾವಿರ ಹೇಳುತ್ತಿದ್ದರು, ಒಂದೇ ದಿನದಲ್ಲಿ ಮುಗಿಸಿ ಹೋಗುತ್ತಾರೆ. ಅಗ್ಗ, ಒಪ್ಪುತ್ತೇನೆ. ಆದರೆ ನಮ್ಮವರ ಅಪ್ಪ ಅಮ್ಮ, ಅತ್ತೆ ಮಾವ ಆರು ತಿಂಗಳ ವೀಸಾದಲ್ಲಿ ಬರುವುದು ಯಾವಾಗ? ಚಳಿ ಮುಗಿದ ಮೇಲೆ, ಏಪ್ರಿಲ್‌ನಲ್ಲಿ. ಟೊರ್ನೇಡೊ ಜೋರಾಗಿರುವುದೂ ಏಪ್ರಿಲ್, ಮೇ ತಿಂಗಳಲ್ಲೇ. ಮಂಡಿ ನೋವಿನ ಅತ್ತೆಯನ್ನು ಸೈರನ್ ಕೂಗುವಾಗ ಏಣಿಯಂಥ ಮೆಟ್ಟಿಲಲ್ಲಿ ಗುಂಡಿಗೆ ಇಳಿಸುವುದು ಆಗದ ಮಾತು. ಇನ್ನೊಂದು ವಿಷಯ ನೀರು. 2015ರ ಮೇ 6ರ ರಾತ್ರಿ ಒಕ್ಲಹೋಮಾ ಸಿಟಿಯಲ್ಲಿ ಸುಂಟರಗಾಳಿಗೆ ಹೆದರಿ ನೆಲಮಾಳಿಗೆಗೆ ಇಳಿದ ಹೆಂಗಸೊಬ್ಬರು ಪ್ರವಾಹದ ನೀರು ತುಂಬಿ ಸತ್ತರು. ಇಲ್ಲಿಯ ಕೆಂಪು ಜೇಡಿ ಮಣ್ಣು ಮಳೆ ಹೊಡೆದರೆ ಗೊತ್ತಲ್ಲ.

ನೆಲದ ಮೇಲೆ ನಿಲ್ಲುವ ಉಕ್ಕಿನ ಡಬ್ಬಕ್ಕೆ ಆಗ ಐದೂವರೆ, ಆರು ಸಾವಿರ ಇತ್ತು. ನಮ್ಮ ಅಳತೆಗೆ ಇನ್ನೂ ಜಾಸ್ತಿ. ಬ್ಲಾಕಿನ ಕೋಣೆ ಕಟ್ಟಿಕೊಡಿ ಎಂದರೆ ಸ್ಥಳೀಯ ಬಿಲ್ಡರ್ ಒಬ್ಬ ಹದಿನಾಲ್ಕು ಸಾವಿರ ಬರೆದುಕೊಟ್ಟ. ಅದನ್ನು ನಾನೇ ಮಾಡುತ್ತೇನೆ ಎಂದಾಗ ಡಾಲಸ್‌ನ ನಮ್ಮ ಗೆಳೆಯರ ಗುಂಪು ನಕ್ಕಿತು. "ಸಾಫ್ಟ್‌ವೇರ್ ಬರೆಯೋನು ಮೋಲ್ಡ್ ಹಾಕ್ತಾನಂತೆ" ಅಂದರು. ಹಾಸನದಲ್ಲಿ ನಮ್ಮ ತಂದೆ ಕಂಟ್ರಾಕ್ಟ್ ಕೆಲಸ ಮಾಡುತ್ತಿದ್ದರು, ರಜೆಯಲ್ಲಿ ಸೆಂಟ್ರಿಂಗ್ ಹಲಗೆ ಹೊತ್ತವನು ನಾನು ಎನ್ನುವುದು ಆ ಗುಂಪಿಗೆ ಗೊತ್ತಿರಲಿಲ್ಲ. ಈ ಮರದ ಚೌಕಟ್ಟಿನ ದೇಶದಲ್ಲಿ ತಾರಸಿ ಹಾಕುವುದನ್ನು ಮಂತ್ರವಿದ್ಯೆಯ ಹಾಗೆ ನೋಡುತ್ತಾರೆ.

ಮೊದಲು ಎರಡು ಸೀಸನ್ ರಿಬೇಟಿಗೆ ಕಾದು ಕಳೆದೆ. ರಾಜ್ಯದ ಸೂನರ್‌ಸೇಫ್ ಯೋಜನೆಯಲ್ಲಿ ಖರ್ಚಿನ ಮುಕ್ಕಾಲು ಭಾಗ, ಹೆಚ್ಚೆಂದರೆ ಎರಡು ಸಾವಿರ ಡಾಲರ್ ವಾಪಸ್ ಎಂದಿತ್ತು ಆಗ. ಆದರೆ ಅದು ಲಾಟರಿ, ಹೆಸರು ಬರುವ ಮೊದಲು ಕೆಲಸ ಶುರು ಮಾಡಿದರೆ ದುಡ್ಡಿಲ್ಲ. ಹೆಸರು ಬರಲೇ ಇಲ್ಲ. ಅಷ್ಟರಲ್ಲಿ ಸಿಮೆಂಟು, ಕಬ್ಬಿಣ ಎರಡೂ ಏರಿದವು. ಲಾಟರಿ ನಂಬಿ ಕೂರಬೇಡಿ, ಅರ್ಜಿ ಹಾಕಿ ಒಂದು ಸೀಸನ್ ನೋಡಿ, ಸಾಕು.

ನಕ್ಷೆಗೆ ಖರ್ಚಿಲ್ಲ. ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಪಿ-320 ಪುಸ್ತಿಕೆ ಉಚಿತ, ಅದರಲ್ಲಿ ಬ್ಲಾಕ್ ಕೋಣೆಯ ಕಂಬಿ ವಿವರ ಎಲ್ಲ ಇದೆ. ಗಂಟೆಗೆ 250 ಮೈಲಿ ಗಾಳಿಯ ಲೆಕ್ಕ. ಆದರೂ ಹಳೇ ಮನೆಯ ನೆಲದ ಮೇಲೆ ಕೂರಿಸುವುದರಿಂದ ಎಂಜಿನಿಯರ್ ಸಹಿ ಹಾಕಿಸಿದೆ, ಐನೂರು ಹೋಯಿತು. ಕೊಯ್ಯುವ ಮೊದಲು ಒಳಗೆ ಏನಿದೆ ಎಂದು ನೆಲ ಸ್ಕ್ಯಾನ್ ಮಾಡಿಸಿದ್ದು ಪಾಯದ ಲೆಕ್ಕದಲ್ಲೇ ಸೇರಿದೆ. ಡಾಲಸ್ ಕಡೆಯವರು ಇದನ್ನು ಬಿಡಲೇಬೇಡಿ. ಅಲ್ಲಿಯ ಫ್ರಿಸ್ಕೋ, ಪ್ಲೇನೋ ಮನೆಗಳಲ್ಲಿ ಪೋಸ್ಟ್ ಟೆನ್ಷನ್ ನೆಲ (ಒಳಗೆ ಉಕ್ಕಿನ ಕೇಬಲ್ ಎಳೆದು ಬಿಗಿದ ಕಾಂಕ್ರೀಟ್) ಜಾಸ್ತಿ, ಗ್ಯಾರೇಜಿನಲ್ಲಿ ಹಾಗಂತ ಅಚ್ಚು ಒತ್ತಿರುತ್ತಾರೆ. ಬಿಗಿದಿರುವ ಕೇಬಲ್ ಮೇಲೆ ಗರಗಸ ಇಟ್ಟರೆ ಮನೆಗೂ ಆಪತ್ತು, ಕಾಲಿಗೂ ಆಪತ್ತು.

ನಮ್ಮ ನೆಲ ನಾಲ್ಕಿಂಚು, ಗೋಡೆಯ ಭಾರಕ್ಕೆ ಸಾಲದು. ಸುತ್ತ ಕೊಯ್ದು ಪಾಯ ತೆಗೆದು ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿದ್ದಕ್ಕೆ ಆರುನೂರೈವತ್ತು. ಬ್ಲಾಕು ಇನ್ನೂರ ಅರವತ್ತು, ಎಪ್ಪತ್ತು ಬೇಕಾಯಿತು, ಏಳುನೂರು ಡಾಲರಿನ ಒಳಗೆ. ಕಂಬಿ ಮುನ್ನೂರೈವತ್ತು. ಗೋಡೆಯನ್ನು ಹನ್ನೊಂದು ವರಸೆಗೇ (ಬ್ಲಾಕಿನ ಸಾಲು) ನಿಲ್ಲಿಸಿದೆ, ಏಳಡಿ ನಾಲ್ಕಿಂಚು. ಯಾಕೆಂದರೆ ಗ್ಯಾರೇಜಿನ ಸೀಲಿಂಗಿಗೂ ನಮ್ಮ ಮೋಲ್ಡಿಗೂ ನಡುವೆ ಕಾಂಕ್ರೀಟ್ ಪಂಪಿನ ಪೈಪು ಹಿಡಿದು ತೆವಳುವಷ್ಟು ಜಾಗ ಬೇಕು. ಮನೆಯ ಮರಕ್ಕೆ ಎಲ್ಲೂ ತಾಗಿಸಿಲ್ಲ. ಮನೆ ಹಾರಿದರೆ ಅದರ ಪಾಡಿಗೆ ಅದು ಹಾರಲಿ, ಕೋಣೆಯನ್ನು ಎಳೆದುಕೊಂಡು ಹೋಗಬಾರದು.

ಕೆಲಸ ಕೆಟ್ಟಿದ್ದು ಗ್ರೌಟಿನಲ್ಲಿ. ವಾರಾಂತ್ಯಕ್ಕೆ ಬಂದ ಇಬ್ಬರು ಮೇಸ್ತ್ರಿಗಳಿಗೆ ಹದಿನಾರು ನೂರು ಕೊಟ್ಟೆ. ಗೋಡೆ ದಾರ ಹಿಡಿದಂತೆ ನೇರ, ಹೊರಗಡೆ ನೋಡಲು ಚೆಂದ, ತೂತಿನ ಒಳಗೆ ಮಾತ್ರ ಗಾರೆ ನಾಲಿಗೆ ಚಾಚಿಕೊಂಡು ಹಾಗೇ ಒಣಗಿತ್ತು. ಅರ್ಧ ಎತ್ತರಕ್ಕೆ ಗ್ರೌಟ್ ಸುರಿದ ಮಾರನೇ ದಿನ ಸುತ್ತಿಗೆಯಲ್ಲಿ ತಟ್ಟುತ್ತಾ ಬಂದೆ. ಬಾಗಿಲಿನ ಎಡಗಡೆ ಎರಡು ಕಡೆ ಟೊಳ್ಳು ಸದ್ದು. ಮುಖ ಒಡೆದು ನೋಡಿದರೆ ಕೈ ಹೋಗುವಷ್ಟು ಖಾಲಿ, ಕಂಬಿ ಬೆತ್ತಲೆ ನಿಂತಿದೆ. ಟೊಳ್ಳು ಬ್ಲಾಕಿನ ಗತಿ ಏನು ಎನ್ನುವುದಕ್ಕೆ ಲಬಕ್‌ನ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಪರೀಕ್ಷೆಗಳಿವೆ: ಹದಿನೈದು ಪೌಂಡಿನ ಮರದ ತುಂಡನ್ನು ಗಂಟೆಗೆ 100 ಮೈಲಿ ವೇಗದಲ್ಲಿ ಹೊಡೆಯುತ್ತಾರೆ. ತುಂಬಿದ ಗೋಡೆ ತಡೆಯುತ್ತದೆ, ಖಾಲಿ ಬ್ಲಾಕನ್ನು ತೂರಿಕೊಂಡು ಹೋಗುತ್ತದೆ. ಮೇಸ್ತ್ರಿಗಳು "ಪರವಾಗಿಲ್ಲ, ಯಾರೂ ಒಡೆದು ನೋಡಲ್ಲ" ಎಂದರು. ಅಷ್ಟು ಭಾಗ ಕಿತ್ತು ಮತ್ತೆ ಕಟ್ಟಿಸಿದೆ. ಆಮೇಲೆ ಕೆಳವರಸೆಯಲ್ಲಿ ಕಿಂಡಿ ಬಿಟ್ಟು, ಪ್ರತಿ ತೂತಿಗೂ ಕಂಬಿ ಇಳಿಬಿಟ್ಟು ಗೀರಿ, ಟಾರ್ಚ್ ಹಾಕಿ ನೋಡಿ ಸುರಿದದ್ದು. ಗ್ರೌಟ್ ಎಷ್ಟು ತೆಳ್ಳಗಿರಬೇಕು, ಕೊನೆಯ ವರಸೆಯನ್ನೂ ಮೋಲ್ಡನ್ನೂ ಒಂದೇ ಸುರಿತದಲ್ಲಿ ಹೇಗೆ ಕೂಡಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ದುಡ್ಡು ಕಳೆದಿದ್ದೇನೆ. ಮನೆಗೆ ಬಂದು ಕಾಫಿ ಕುಡಿದವರಿಗೆ ಹೇಳುತ್ತೇನೆ.

ರೆಡಿಮಿಕ್ಸ್ ಲಾರಿಯವನದು ಇನ್ನೊಂದು ಕಥೆ. ನಮಗೆ ಬೇಕಿದ್ದದ್ದು ನಾಲ್ಕು ಘನ ಯಾರ್ಡಿಗಿಂತ ತುಸು ಹೆಚ್ಚು, ಅದೂ ಎರಡು ಕಂತಿನಲ್ಲಿ. ಕಡಿಮೆ ಲೋಡು ಎಂದು ಎರಡು ಸಲವೂ ದಂಡ. ಕಾಂಕ್ರೀಟಿಗೆ ಸಾವಿರದ ನೂರು, ಪಂಪಿಗೆ ನಾನೂರು.

ಸೆಂಟ್ರಿಂಗ್ ಪೂರ್ತಿ ನನ್ನದೇ. ಇಲ್ಲಿ ಒಂದು ಪೇಚಿದೆ: ನಾಲ್ಕೂ ಕಡೆ ಗೋಡೆ, ಬಾಗಿಲು ಮೂರಡಿ. ಮೋಲ್ಡ್ ಹಾಕಿದ ಮೇಲೆ ಹಲಗೆ ಹೊರಗೆ ಬರಬೇಕಾದ್ದು ಆ ಬಾಗಿಲಲ್ಲೇ. ಅದಕ್ಕೆ ಪ್ಲೈವುಡ್ಡನ್ನು ಮೊದಲೇ ಎರಡೂವರೆ ಅಡಿ ಪಟ್ಟಿಗಳಾಗಿ ಕೊಯ್ದು, ನಡುವಿನ ಪಟ್ಟಿ ಮೊದಲು ಕಳಚುವ ಹಾಗೆ ಜೋಡಿಸಿದ್ದೆ. ಕ್ಯೂರಿಂಗ್‌ಗೆ (ಕಾಂಕ್ರೀಟ್ ಬೇಗ ಒಣಗದಂತೆ ನೀರುಣಿಸಲು) ಪರಿಚಯದವರ ಮನೆಗಳಿಂದ ಬಾಸ್ಮತಿ ಅಕ್ಕಿಯ ಗೋಣಿಚೀಲಗಳನ್ನು ಕೂಡಿಹಾಕಿ, ನೆನೆಸಿ ಮೋಲ್ಡಿನ ಮೇಲೆ ಹೊದಿಸಿದೆ. ದಿನಾ ಬೆಳಿಗ್ಗೆ ಆಫೀಸಿಗೆ ಮುಂಚೆ ಪೈಪು ಹಿಡಿದು ಮೇಲೆ ತೆವಳುತ್ತಿದ್ದ ನನ್ನನ್ನು ಎದುರು ಮನೆಯ ಅಜ್ಜ ನಿಂತು ನೋಡುತ್ತಿದ್ದರು, ತಲೆ ಅಲ್ಲಾಡಿಸುತ್ತಿದ್ದರು. ಇಲ್ಲಿಯವರು ಇದಕ್ಕೆ ಯಾವುದೋ ಔಷಧಿ ಸಿಂಪಡಿಸಿ ಹೋಗುತ್ತಾರೆ. ನಮ್ಮ ಮೋಲ್ಡಿನಲ್ಲಿ ಇವತ್ತಿಗೂ ಕೂದಲೆಳೆ ಬಿರುಕಿಲ್ಲ.

ದುಡ್ಡು ತಿನ್ನುವುದು ಬಾಗಿಲು. ಪರೀಕ್ಷೆಯಾದ ಬಾಗಿಲು, ಚೌಕಟ್ಟು, ಮೂರು ಚಿಲಕ ಎಲ್ಲ ಒಂದೇ ಸೆಟ್ಟಾಗಿ ಬೇಕು, ಅಂಗಡಿಯ ಉಕ್ಕಿನ ಬಾಗಿಲು ತಂದು ಚಿಲಕ ಹೊಡೆದರೆ ನಡೆಯುವುದಿಲ್ಲ. ಹದಿನೇಳು ನೂರು, ಸಾಗಣೆ ಸೇರಿ. ಒಳಕ್ಕೆ ತೆರೆಯುವುದನ್ನೇ ತರಿಸಿ. ಬಿರುಗಾಳಿಗೆ ಮೊದಲು ಹೋಗುವುದು ಗ್ಯಾರೇಜಿನ ದೊಡ್ಡ ಬಾಗಿಲು, ಆಮೇಲೆ ಕಾರು ಎಲ್ಲಿ ಬಂದು ಒರಗುತ್ತದೋ ಯಾರು ಬಲ್ಲರು. ಗಾಳಿಕಿಂಡಿಯ ಉಕ್ಕಿನ ಮರೆ, ದೀಪ, ಪರ್ಮಿಟ್ಟು ಎಲ್ಲ ಸೇರಿ ಇನ್ನೊಂದು ಇನ್ನೂರೈವತ್ತು.

ನಡುವೆ ಬೇರೆ ಪ್ರಯೋಗಗಳೂ ಆದವು. ಬಟ್ಟೆ ಅಲಮಾರಿಗೇ ಎರಡು ಪದರ ಪ್ಲೈವುಡ್ಡು, ಉಕ್ಕಿನ ತಗಡು ಹೊಡೆದರೆ ಸಾಕಲ್ಲ ಎಂದು ಒಂದು ತುಂಡು ಗೋಡೆ ಮಾಡಿ ದೊಡ್ಡ ಸುತ್ತಿಗೆಯಲ್ಲಿ ಬಾರಿಸಿದೆ. ತಗಡು ತಗ್ಗಾಯಿತು, ತೂತಾಗಲಿಲ್ಲ. ಆ ವಿಧಾನವೂ ಪಿ-320ರಲ್ಲಿದೆ, ಮಾಡುವವರು ಮಾಡಿ. ಆದರೆ ಆಗಿನ ಪ್ಲೈವುಡ್ ಬೆಲೆ ನೋಡಿ ನಾನು ಬ್ಲಾಕಿಗೇ ಅಂಟಿಕೊಂಡೆ. ಕೋಣೆಯೊಳಗೆ ಫೋನ್ ಸಿಗ್ನಲ್ ಸುಳಿಯುವುದಿಲ್ಲ. ಹವಾಮಾನ ರೇಡಿಯೊದ ಆಂಟೆನಾ ತಂತಿಯನ್ನು ಕಿಂಡಿಯಿಂದ ಹೊರಗೆ ಬಿಟ್ಟ ಮೇಲೆ ಅದು ಸ್ಪಷ್ಟವಾಗಿ ಕೇಳುತ್ತದೆ. ಜುಲೈ ಮಧ್ಯಾಹ್ನ ಗ್ಯಾರೇಜು ಕುದಿಯುವಾಗ ಒಳಗೆ ತಂಪು. ಅತ್ತೆಯ ಉಪ್ಪಿನಕಾಯಿ ಭರಣಿಗಳು ಅಲ್ಲಿಗೇ ಸೇರಿವೆ.

ಇನ್‌ಸ್ಪೆಕ್ಟರ್ ಬಂದವನು ಕಿತ್ತು ಕಟ್ಟಿದ ಭಾಗದ ಫೋಟೊಗಳನ್ನು ಕೇಳಿ ತೆಗೆದುಕೊಂಡು ಸಹಿ ಹಾಕಿದ. ಪರೀಕ್ಷೆ ಬಂದದ್ದು 2023ರ ಫೆಬ್ರವರಿ 26, ಭಾನುವಾರ ರಾತ್ರಿ, ಇಎಫ್-2 (ಸೊನ್ನೆಯಿಂದ ಐದರ ಅಳತೆಯಲ್ಲಿ ಎರಡು) ಟೊರ್ನೇಡೊ ನಾರ್ಮನ್ ಮೇಲೇ ಹಾದು ಹೋಯಿತು. ನಮ್ಮ ಬೀದಿಗೆ ಬರಲಿಲ್ಲ, ಆದ್ದರಿಂದ ಗೋಡೆ ತಡೆಯಿತು ಎಂದು ಜಂಬ ಕೊಚ್ಚುವ ಹಾಗಿಲ್ಲ. ಆದರೆ ನಾವು ನಾಲ್ವರು, ಎದುರು ಮನೆಯ ಅಜ್ಜ ಅಜ್ಜಿ, ಅವರ ನಾಯಿ ಎಲ್ಲ ಒಂದು ನಿಮಿಷದಲ್ಲಿ ಒಳಗಿದ್ದೆವು, ಯಾರೂ ಮೆಟ್ಟಿಲು ಇಳಿಯಬೇಕಾಗಲಿಲ್ಲ. ತಲೆಗೆ ಮೂರು ಚದರಡಿಯ ಲೆಕ್ಕದಲ್ಲಿ ಹದಿನಾರು ಜನ ಹಿಡಿಯಬೇಕು. ನಮ್ಮ ಮಟ್ಟಿಗೆ ಹತ್ತು ಜನ, ಅದೂ ಉಪ್ಪಿನಕಾಯಿ ತೆಗೆದಿಟ್ಟರೆ.

ಈಗ ಫ್ರಿಸ್ಕೋದಲ್ಲಿ ಅವತ್ತು ನಕ್ಕವರೊಬ್ಬರ ಮನೆಯಲ್ಲಿ ಎರಡನೆಯದು ಶುರುವಾಗಿದೆ. ಪೋಸ್ಟ್ ಟೆನ್ಷನ್ ನೆಲ ಆದ್ದರಿಂದ ಗ್ಯಾರೇಜಿನಲ್ಲಿ ಬೇಡವೆಂದು ಹಿತ್ತಲ ಬಾಗಿಲಿಗೆ ತಾಗಿದಂತೆ, ಬೇರೆ ಪಾಯ ಹಾಕಿ ಕಟ್ಟುತ್ತಿದ್ದೇವೆ. ಪಾಯಕ್ಕೆ, ಮೇಲಿನ ಮಳೆ ನೀರಿನ ವ್ಯವಸ್ಥೆಗೆ ಇನ್ನೊಂದು ಹದಿನೈದು ನೂರು ಸೇರಬಹುದು. ಬಾಗಿಲು ಬರಲು ಎರಡು ತಿಂಗಳ ಮೇಲಾಗುತ್ತದೆ ಎಂದಿದ್ದಾರೆ, ಅದನ್ನೇ ಮೊದಲು ಆರ್ಡರ್ ಮಾಡಿಸಿದೆ. ಅಕ್ಕಿ ಚೀಲ ಕೂಡಿಡಲು ಅವರ ಹೆಂಡತಿಗೆ ಹೇಳಿದ್ದೇನೆ.